ದಾವಣಗೆರೆಯಿಂದ ವಂಡರ್‌ಲಾಗೆ: ರೂಮಿನ ದರ ಹೋಲಿಸುವ ಬಗೆ

ಪಿ.ಜೆ. ಬಡಾವಣೆಯ ನಮ್ಮ ಮನೆಯ ಅಡುಗೆಮನೆ ಬಾಗಿಲಿನ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ. ಪ್ರತಿ ಯುಗಾದಿಗೆ ಮಕ್ಕಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಅಡ್ಡ ಇಟ್ಟು ಎಳೆದ ಗೆರೆಗಳು ಅವು. ಬೆಂಗಳೂರು ಹತ್ತಿರದ ಬಿಡದಿಯ ಆಟದ ಉದ್ಯಾನ ವಂಡರ್‌ಲಾಗೆ ಹೋಗೋಣ ಎಂಬ ಮಾತು ಮನೆಯಲ್ಲಿ ಎದ್ದಾಗ ನಾನು ಮೊದಲು ಟೇಪು ಹಿಡಿದು ಆ ಗೆರೆಗಳ ಮುಂದೆ ನಿಂತೆ. 11 ವರ್ಷದ ಮಗ 143 ಸೆಂಟಿಮೀಟರ್, 5 ವರ್ಷದ ಮಗಳು 108. ವಂಡರ್‌ಲಾದಲ್ಲಿ ಟಿಕೆಟ್ ನಿಗದಿಯಾಗುವುದು ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಗಿಡ್ಡ ಮಗುವಿಗೆ ಟಿಕೆಟ್ ಇಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಅದನ್ನು ದಾಟಿದರೆ ದೊಡ್ಡವರ ಟಿಕೆಟ್. ಹೋಟೆಲಿನ ಕೌಂಟರಿನಲ್ಲಿ ಕೇಳುವುದಾದರೋ ವಯಸ್ಸನ್ನು. ಹೀಗಾಗಿ ನಮ್ಮ ಮಗ ಉದ್ಯಾನದ ಗೇಟಿನಲ್ಲಿ ದೊಡ್ಡವನು, ಅದೇ ದಿನ ರೂಮಿನ ಲೆಕ್ಕದಲ್ಲಿ ಚಿಕ್ಕವನು.

ಒಂದೇ ಕುಟುಂಬವನ್ನು ಇಬ್ಬರು ಎರಡು ಬಗೆಯಾಗಿ ಎಣಿಸುವಾಗ, ಮೊಬೈಲಿನಲ್ಲಿ ಕಾಣುವ "ಒಂದು ರಾತ್ರಿಗೆ ಇಷ್ಟು" ಎಂಬ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮಾತ್ರಕ್ಕೆ ಯಾವುದು ಅಗ್ಗ ಎಂದು ತಿಳಿಯುವುದಿಲ್ಲ. ನನ್ನ ತಂದೆಯವರು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಬಹುಕಾಲ ಲೆಕ್ಕ ಬರೆಯುತ್ತಿದ್ದರು. ಯಾರಾದರೂ ಬಂದು ಬರೀ ದರ ಹೇಳಿದರೆ ಅವರು ಪೆನ್ನು ತೆಗೆಯುತ್ತಿರಲಿಲ್ಲ. ಚೀಲಕ್ಕೋ ಕ್ವಿಂಟಲಿಗೋ, ಹಮಾಲಿ ಸೇರಿಯೋ ಬಿಟ್ಟೋ, ಗಾಡಿ ಬಾಡಿಗೆ ಯಾರದು ಎಂದು ಕೇಳಿ, ಉತ್ತರ ಸಿಕ್ಕ ಮೇಲೆಯೇ ಬರೆದುಕೊಳ್ಳುತ್ತಿದ್ದರು. ರೂಮಿನ ದರಕ್ಕೂ ನಾವು ಕೇಳಬೇಕಾದದ್ದು ಇದನ್ನೇ: ಎಷ್ಟು ಜನಕ್ಕೆ, ಯಾವ ರಾತ್ರಿಗೆ, ತಿಂಡಿ ಸೇರಿಯೋ ಬಿಟ್ಟೋ, ತೆರಿಗೆ ಸೇರಿಯೋ ಬಿಟ್ಟೋ, ಅಲ್ಲಿಂದ ಗೇಟಿಗೆ ಹೋಗಿ ಬರುವ ಖರ್ಚು ಯಾರದು. ಎಲ್ಲ ಆಯ್ಕೆಗಳನ್ನೂ ಒಂದೇ ಅಳತೆಗೆ ತಂದ ನಂತರ ಉಳಿಯುವ ವ್ಯತ್ಯಾಸವೇ ನಿಜವಾದ ವ್ಯತ್ಯಾಸ. ಪರದೆಯ ಮೇಲೆ ಕಾಣುವ ವ್ಯತ್ಯಾಸಕ್ಕಿಂತ ಅದು ಬಹುತೇಕ ಬೇರೆಯೇ ಆಗಿರುತ್ತದೆ.

ಈ ಪಾಠವನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ. ಹಿಂದೊಮ್ಮೆ ಬೆಂಗಳೂರಿನ ಹೊರವಲಯದ ರೆಸಾರ್ಟ್ ಒಂದರಲ್ಲಿ "ತಿಂಡಿ ಸೇರಿದೆ" ಎಂದು ಬರೆದಿದ್ದ ದೊಡ್ಡ ರೂಮೊಂದನ್ನು ಹೆಚ್ಚುವರಿ ಹಾಸಿಗೆಯ ಸಮೇತ ಹಿಡಿದಿದ್ದೆವು. ಬೆಳಿಗ್ಗೆ ಊಟದ ಹಾಲಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಹುಡುಗ, ನಿಮ್ಮ ರೂಮಿಗೆ ಎರಡೇ ಕೂಪನ್ ಎಂದ. ಒಳಗೆ ಇಡ್ಲಿಯ ತಟ್ಟೆ ಹಿಡಿದು ಆಗಲೇ ಕುಳಿತಿದ್ದ ಅತ್ತೆಯವರಿಗೂ ಮಕ್ಕಳಿಗೂ ಸೇರಿ ಮೂರು ತಿಂಡಿಗೆ ತಲಾ 450 ರೂಪಾಯಿಯಂತೆ 1,350 ರೂಪಾಯಿ ಬೇರೆ ಕಟ್ಟಿದೆವು. ತಪ್ಪು ಅವರದಷ್ಟೇ ಆಗಿರಲಿಲ್ಲ. "ಎಷ್ಟು ಜನರ ತಿಂಡಿ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಮೊದಲು ಜನ, ಆಮೇಲೆ ರೂಮು

ಆದ್ದರಿಂದ ದರ ಹುಡುಕುವುದಕ್ಕೂ ಮುನ್ನ ಒಂದು ಹಾಳೆಯ ಮೇಲೆ ಹೊರಡುವವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ವಯಸ್ಸು, ಎತ್ತರ, ಆಟಗಳಿಗೆ ಏರುವವರೋ ಇಲ್ಲವೋ ಎಂಬುದನ್ನು ನಮೂದಿಸಿ. ನಮ್ಮ ಮನೆಯಲ್ಲಿ ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, 68 ವರ್ಷದ ಅತ್ತೆಯವರು, ಒಟ್ಟು ಐದು ಜನ. ಅತ್ತೆಯವರು ಯಾವ ಆಟಕ್ಕೂ ಏರುವವರಲ್ಲ, ಮಂಡಿ ನೋವಿನಿಂದಾಗಿ ಬಹಳ ಹೊತ್ತು ನಡೆಯುವವರೂ ಅಲ್ಲ. ಈ ಒಂದು ಸಂಗತಿ ಮುಂದಿನ ಲೆಕ್ಕವನ್ನೆಲ್ಲ ತಿರುಗಿಸಿಬಿಟ್ಟಿತು.

ಬುಕಿಂಗ್ ಆ್ಯಪುಗಳಲ್ಲಿ ಕಾಣುವ ದರ ಸಾಮಾನ್ಯವಾಗಿ ಇಬ್ಬರಿಗೆ ಲೆಕ್ಕ ಹಾಕಿದ ದರ. ಹುಡುಕುವಾಗಲೇ ಜನರ ಸಂಖ್ಯೆಯನ್ನೂ ಮಕ್ಕಳ ವಯಸ್ಸನ್ನೂ ಸರಿಯಾಗಿ ತುಂಬಬೇಕು. ಇಬ್ಬರಿಗೆಂದು ಹುಡುಕಿ, ಐದು ಜನ ಹೋಗಿ ನಿಂತರೆ ಕೌಂಟರಿನಲ್ಲಿ ದರ ಬೆಳೆಯುತ್ತದೆ. ಐದು ಜನಕ್ಕೆ ಎರಡು ದಾರಿಗಳಿವೆ: ಎರಡು ಡಬಲ್ ರೂಮು, ಇಲ್ಲವೇ ಒಂದು ದೊಡ್ಡ ರೂಮಿಗೆ ಎಕ್ಸ್‌ಟ್ರಾ ಬೆಡ್. ಎರಡನೆಯದೇ ಅಗ್ಗ ಎಂದು ತೋರುತ್ತದಾದರೂ ಒಂದು ರೂಮಿಗೆ ಎಷ್ಟು ಜನರನ್ನು ಬಿಡುತ್ತಾರೆ, ಬೆಡ್ ಎಂದರೆ ಮಂಚವೋ ನೆಲದ ಹಾಸಿಗೆಯೋ, ಅದಕ್ಕೆ ತಿಂಡಿ ಇದೆಯೋ ಇಲ್ಲವೋ ಎಂಬುದನ್ನು ಕೇಳದೆ ತೀರ್ಮಾನಿಸಬಾರದು. ಐದು ಜನ, ಒಂದೇ ಬಚ್ಚಲುಮನೆ, ನೀರಾಟದಿಂದ ಒದ್ದೆಯಾಗಿ ಬಂದ ಸಂಜೆ: ಆ ದೃಶ್ಯವನ್ನೂ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಯಾವ ರಾತ್ರಿಗೆ ರೂಮು?

ದರ ಹೋಲಿಸುವವರು ಹೆಚ್ಚಾಗಿ ಮರೆಯುವ ಪ್ರಶ್ನೆ ಇದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಉಳಿಯುವುದೂ ಇಲ್ಲಿಯೇ.

ವಂಡರ್‌ಲಾ ಮಾಮೂಲಿ ದಿನಗಳಲ್ಲಿ ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ರೆಸಾರ್ಟುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ರೂಮು ಕೊಟ್ಟು, ಮರುದಿನ ಬೆಳಿಗ್ಗೆ 11ರ ಸುಮಾರಿಗೆ ಖಾಲಿ ಮಾಡಿಸುತ್ತಾರೆ. ಈ ಎರಡು ಗಡಿಯಾರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಹಿಂದಿನ ರಾತ್ರಿಗೆ ರೂಮು ಹಿಡಿದರೆ, ಉದ್ಯಾನದ ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ನೀವು ರೂಮಿನ ಕೀಲಿ ಒಪ್ಪಿಸಿ, ಲಗೇಜನ್ನು ಎಲ್ಲಿಯಾದರೂ ಇಡಬೇಕಾಗುತ್ತದೆ. ಸಂಜೆ ಒದ್ದೆ ಬಟ್ಟೆಯ ಚೀಲ, ನಿದ್ದೆಗೆ ತೂಗುವ ಮಗು, ಮಂಡಿ ಹಿಡಿದುಕೊಂಡ ಹಿರಿಯರು, ಎಲ್ಲರನ್ನೂ ಕರೆದುಕೊಂಡು ನೇರ ಬಸ್‌ ನಿಲ್ದಾಣಕ್ಕೆ ಹೋಗಬೇಕಾಗುತ್ತದೆ. ರೂಮಿಗೆ ದುಡ್ಡು ಕೊಟ್ಟದ್ದು ನಿಜ, ಆದರೆ ಬೇಕಾದ ಹೊತ್ತಿನಲ್ಲಿ ಅದು ಇಲ್ಲ.

ಆಟದ ದಿನದ ರಾತ್ರಿಗೇ ರೂಮು ಹಿಡಿದರೆ ಚಿತ್ರ ಬದಲಾಗುತ್ತದೆ. ಚಿತ್ರದುರ್ಗದವರಿಗೆ ಬೆಂಗಳೂರು ಸುಮಾರು 200 ಕಿ.ಮೀ., ನಮಗೆ ಸುಮಾರು 260. ಸ್ವಂತ ಕಾರಿದ್ದರೆ ನಸುಕಿನಲ್ಲಿ ಹೊರಟು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಸಿರಾ, ತುಮಕೂರು, ನೆಲಮಂಗಲ ದಾಟಿ, ತುಮಕೂರು ರಸ್ತೆಯಿಂದಲೇ ನೈಸ್ ರಸ್ತೆಗೆ ಇಳಿದರೆ ಊರೊಳಗಿನ ಟ್ರಾಫಿಕ್ಕಿಗೆ ಸಿಗದೆ ಮೈಸೂರು ರಸ್ತೆ ಸೇರಬಹುದು. 11ರ ಹೊತ್ತಿಗೆ ಗೇಟಿನಲ್ಲಿರುವುದು ಕಷ್ಟವಲ್ಲ. ಲಗೇಜನ್ನು ರಿಸೆಪ್ಷನ್ನಿನಲ್ಲಿ ಒಪ್ಪಿಸಿ ಆಟಕ್ಕೆ ಹೋಗುವುದು, ಮಧ್ಯಾಹ್ನ ರೂಮು ಸಿಕ್ಕ ಮೇಲೆ ಹಿರಿಯರನ್ನು ಮಲಗಿಸುವುದು, ಸಂಜೆ ಬಿಸಿನೀರಿನಲ್ಲಿ ಸ್ನಾನ, ರಾತ್ರಿ ನೆಮ್ಮದಿಯ ನಿದ್ದೆ, ಮರುದಿನ ತಿಂಡಿ ಮುಗಿಸಿ ಊರಿನ ದಾರಿ. ಒಂದೇ ರಾತ್ರಿಯ ಬಾಡಿಗೆಯಲ್ಲಿ ರೂಮಿನ ಪೂರ್ತಿ ಉಪಯೋಗ ಸಿಗುತ್ತದೆ.

ರೈಲು, ಬಸ್ಸುಗಳವರ ಲೆಕ್ಕ ಸ್ವಲ್ಪ ಬೇರೆ. ಚಿತ್ರದುರ್ಗವು ಚಿಕ್ಕಜಾಜೂರಿನಿಂದ ಕವಲೊಡೆದ ಮಾರ್ಗದಲ್ಲಿರುವುದರಿಂದ ಅಲ್ಲಿಯವರು ಬಸ್ಸನ್ನೇ ನೆಚ್ಚುತ್ತಾರೆ. ದಾವಣಗೆರೆಯವರಿಗೆ ಮುಖ್ಯ ಮಾರ್ಗದ ರೈಲುಗಳಿವೆ. 2023ರಲ್ಲಿ ಆರಂಭವಾದ ವಂದೇ ಭಾರತ್ ಆರಾಮದ ರೈಲು ನಿಜ, ಆದರೆ ಅದು ಮಧ್ಯಾಹ್ನದ ಮೇಲೆ ನಮ್ಮೂರು ಬಿಟ್ಟು ಕತ್ತಲಾಗುವ ಹೊತ್ತಿಗೆ ಬೆಂಗಳೂರು ಮುಟ್ಟುವುದರಿಂದ ಅದರ ಟಿಕೆಟ್ಟಿನ ಜೊತೆಗೆ ಒಂದು ಹೆಚ್ಚಿನ ರಾತ್ರಿಯ ರೂಮನ್ನೂ ಕೊಂಡಂತಾಗುತ್ತದೆ. ರಾತ್ರಿಯ ರೈಲಿಗೋ ಬಸ್ಸಿಗೋ ಹತ್ತಿದರೆ ಆ ರಾತ್ರಿ ಉಳಿಯುತ್ತದೆ, ಬೆಳಗಿನ ಜಾವ ಇಳಿದು 11ರವರೆಗೆ ಕಾಯುವ ಸಮಸ್ಯೆ ಹುಟ್ಟುತ್ತದೆ. ಇಲ್ಲಿ ಒಂದು ಹಳೆಯ ಪದ್ಧತಿ ನೆರವಿಗೆ ಬರುತ್ತದೆ. ನಮ್ಮ ಕಡೆಯ ಎಷ್ಟೋ ಸಾದಾ ಲಾಡ್ಜುಗಳಲ್ಲಿ "24 ಗಂಟೆ ಚೆಕ್‌ಔಟ್" ಇರುತ್ತದೆ. ಬೆಳಿಗ್ಗೆ 6ಕ್ಕೆ ಒಳಗೆ ಹೋದರೆ ಮರುದಿನ ಬೆಳಿಗ್ಗೆ 6ರವರೆಗೆ ರೂಮು ನಿಮ್ಮದು. ಮುಖ ತೊಳೆಯುವುದರಿಂದ ಹಿಡಿದು ರಾತ್ರಿಯ ನಿದ್ದೆಯವರೆಗೆ ಒಂದೇ ಬಾಡಿಗೆಯಲ್ಲಿ ಮುಗಿಯುತ್ತದೆ. ದುಬಾರಿ ರೆಸಾರ್ಟಿನಲ್ಲಿ ಬೆಳಿಗ್ಗೆ ಬೇಗ ರೂಮು ಬೇಕೆಂದರೆ ಹೆಚ್ಚಿನ ಹಣ ಕೇಳುವುದುಂಟು. ಹಾಗಾಗಿ ದರದ ಪಕ್ಕದಲ್ಲಿ "ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ" ಎಂದು ಬರೆಯಲು ಒಂದು ಕಾಲಂ ಬಿಡಿ.

7,500 ರೂಪಾಯಿಯ ಗೆರೆ

ತೆರಿಗೆಯ ವಿಷಯ ಒಣ ವಿಷಯವೆಂದು ದಾಟಿಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ, ಒಂದು ರೂಮಿಗೆ ಒಂದು ದಿನದ ಬಾಡಿಗೆ 7,500 ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಮೀರಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬಾಡಿಗೆಗೆ ಶೇ 18. ಇದರ ಪರಿಣಾಮ ನೋಡಿ: 7,500ರ ರೂಮಿಗೆ ತೆರಿಗೆ 375, ಒಟ್ಟು 7,875. 7,600ರ ರೂಮಿಗೆ ತೆರಿಗೆ 1,368, ಒಟ್ಟು 8,968. ಫಲಕದಲ್ಲಿ 100 ರೂಪಾಯಿಯ ವ್ಯತ್ಯಾಸ, ಕೈಯಿಂದ ಹೋಗುವಾಗ 1,093 ರೂಪಾಯಿಯ ವ್ಯತ್ಯಾಸ.

ತೆರಿಗೆ ಲೆಕ್ಕವಾಗುವುದು ನೀವು ವಾಸ್ತವವಾಗಿ ಕೊಡುವ ಬಾಡಿಗೆಯ ಮೇಲೆ. ಹಾಗಾಗಿ 8,400 ಎಂದು ಬರೆದ ರೂಮು ರಿಯಾಯಿತಿಯಲ್ಲಿ 7,400ಕ್ಕೆ ಸಿಕ್ಕರೆ ಅದು ಶೇ 5ರ ಕೆಳಗೆ ಬಂದು ಒಟ್ಟು 7,770ಕ್ಕೆ ನಿಲ್ಲುತ್ತದೆ. ರಿಯಾಯಿತಿಯಿಲ್ಲದೆ ಅದೇ ರೂಮು 9,912 ಆಗುತ್ತಿತ್ತು. 1,000 ರೂಪಾಯಿಯ ರಿಯಾಯಿತಿ ಇಲ್ಲಿ 2,142 ರೂಪಾಯಿ ಉಳಿಸಿತು. ವಂಡರ್‌ಲಾದ ಸುತ್ತಲಿನ ಒಳ್ಳೆಯ ರೆಸಾರ್ಟುಗಳ ದರ ಈ ಗೆರೆಯ ಆಚೀಚೆಯೇ ಓಡಾಡುವಾಗ, ಶುಕ್ರವಾರದ ಬದಲು ಬುಧವಾರ ಹೋದರೆ ದರವೂ ಇಳಿದು ತೆರಿಗೆಯೂ ಇಳಿಯುವ ಸಾಧ್ಯತೆ ಇದೆ. ಗೆರೆಯ ಸಮೀಪದ ರೂಮಿಗೆ ಎಕ್ಸ್‌ಟ್ರಾ ಬೆಡ್ ಕೇಳುವಾಗ, ಅದನ್ನು ಸೇರಿಸಿದರೆ ತೆರಿಗೆಯ ದರ ಬದಲಾಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಉದ್ಯಾನದ ಪ್ರವೇಶ ಟಿಕೆಟ್ಟಿಗೆ ಬೇರೆಯಾಗಿ ಶೇ 18ರ ಜಿಎಸ್‌ಟಿ ಇದೆ. ಟಿಕೆಟ್ ದರ ತೆರಿಗೆ ಸೇರಿದ್ದೋ ಅಲ್ಲವೋ ಎಂಬುದನ್ನೂ ನೋಡಿ.

ಒಂದು ಹಾಳೆಯ ಲೆಕ್ಕ

ಈಗ ಹಾಳೆಯಲ್ಲಿ ಮೂರು ಉದ್ದ ಕಾಲಂ ಎಳೆಯಿರಿ: ಉದ್ಯಾನಕ್ಕೆ ಅಂಟಿಕೊಂಡ ರೆಸಾರ್ಟ್, ಬಿಡದಿಯ ಸಾದಾ ಲಾಡ್ಜು, ಬೆಂಗಳೂರಿನೊಳಗಿನ ಹೋಟೆಲು. ವಂಡರ್‌ಲಾ ಬಿಡದಿ ಬಳಿ ಶುರುವಾದದ್ದು 2005ರಲ್ಲಿ. ಅದರದೇ ರೆಸಾರ್ಟ್ ಪಕ್ಕದಲ್ಲಿ ತೆರೆದದ್ದು 2012ರಲ್ಲಿ. ಕೆಳಗಿನ ಅಂಕಿಗಳು ಯಾವುದೇ ಒಂದು ಹೋಟೆಲಿನ ದರಪಟ್ಟಿಯಲ್ಲ, ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡವು. ನೀವು ಹೋಗುವ ದಿನದ ದರಗಳನ್ನು ಅವುಗಳ ಜಾಗದಲ್ಲಿ ತುಂಬಿಕೊಳ್ಳಬೇಕು.

ಮೊದಲು, ಮೂರು ಕಡೆಯಲ್ಲಿಯೂ ಒಂದೇ ಆಗಿರುವ ಖರ್ಚುಗಳನ್ನು ಹೊಡೆದುಹಾಕಿ. ಊರಿನಿಂದ ಹೋಗಿ ಬರುವ ಖರ್ಚು, ಆಟಕ್ಕೆ ಏರುವ ನಾಲ್ವರ ಟಿಕೆಟ್, ಉದ್ಯಾನದೊಳಗಿನ ಮಧ್ಯಾಹ್ನದ ಊಟ, ಇವು ಎಲ್ಲಿ ಮಲಗಿದರೂ ಬೀಳುವ ಖರ್ಚುಗಳು. ಒಟ್ಟು ಪ್ರವಾಸದ ಬಜೆಟ್ಟಿಗೆ ಅವು ಬೇಕು, ಹೋಲಿಕೆಗೆ ಬೇಡ. ಹೋಲಿಕೆಯ ಹಾಳೆ ಚಿಕ್ಕದಾದಷ್ಟೂ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ರೆಸಾರ್ಟಿನ ಕಾಲಂ: ತಿಂಡಿ ಸೇರಿದ ಎರಡು ರೂಮು, ತಲಾ 6,800ರಂತೆ 13,600, ಶೇ 5ರ ತೆರಿಗೆ 680, ಒಟ್ಟು 14,280. ತಿಂಡಿ ನಾಲ್ವರಿಗೆ ಇದೆ, 5 ವರ್ಷದ ಮಗಳಿಗೆ ಬೇರೆ ಕೊಡಬೇಕಿಲ್ಲ ಎಂದು ಕೇಳಿ ಖಚಿತಪಡಿಸಿಕೊಂಡಿದ್ದೇನೆ ಎಂದಿಟ್ಟುಕೊಳ್ಳಿ. ಗೇಟಿಗೆ ಹೋಗಲು ಗಾಡಿ ಬೇಡ.

ಬಿಡದಿ ಲಾಡ್ಜಿನ ಕಾಲಂ: ಎರಡು ರೂಮು, ತಲಾ 2,600ರಂತೆ 5,200, ತೆರಿಗೆ 260, ಸೇರಿ 5,460. ಬೆಳಗಿನ ತಿಂಡಿ ಹೊರಗೆ, ಐದು ಜನಕ್ಕೆ 600. ಗೇಟಿಗೆ ಹೋಗಿ ಬರಲು ಆಟೋ 800. ಒಟ್ಟು 6,860.

ನಗರದ ಹೋಟೆಲಿನ ಕಾಲಂ: ಮೆಜೆಸ್ಟಿಕ್ ಸುತ್ತಮುತ್ತ ಎರಡು ರೂಮು, ತಲಾ 3,000ರಂತೆ 6,000, ತೆರಿಗೆ 300, ತಿಂಡಿ 600, ಅಲ್ಲಿಂದ ವಂಡರ್‌ಲಾಗೆ ಐದು ಜನ ಟ್ಯಾಕ್ಸಿಯಲ್ಲಿ ಹೋಗಿ ಬರಲು 2,400. ಒಟ್ಟು 9,300. ಮೆಟ್ರೋದ ನೇರಳೆ ಮಾರ್ಗ 2023ರಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ, ಮೈಸೂರು ಮಾರ್ಗದ ಲೋಕಲ್ ರೈಲುಗಳು ಬಿಡದಿಯಲ್ಲಿ ನಿಲ್ಲುತ್ತವೆ. ಹಿರಿಯರಿಲ್ಲದ, ಚೀಲ ಕಡಿಮೆ ಇರುವ ಗುಂಪು ಇವುಗಳನ್ನು ಹಿಡಿದರೆ ಟ್ಯಾಕ್ಸಿಯ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಲಾಡ್ಜನ್ನೇ ಆರಿಸುತ್ತಿದ್ದೆ. ಆದರೆ ಅತ್ತೆಯವರ ಹೆಸರಿನ ಮುಂದೆ "ಆಟ ಇಲ್ಲ" ಎಂದು ಬರೆದಿದ್ದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ಉದ್ಯಾನದೊಳಗೆ ಸುಮ್ಮನೆ ಕುಳಿತು ಮೊಮ್ಮಕ್ಕಳನ್ನು ನೋಡುವವರಿಗೂ ಟಿಕೆಟ್ ಬೇಕು. ರೆಸಾರ್ಟಿನಲ್ಲಾದರೆ ಅವರು ಆವರಣದಲ್ಲಿಯೇ, ಮಧ್ಯಾಹ್ನದ ನಂತರ ರೂಮಿನಲ್ಲಿಯೇ ಇರಬಹುದು. ಕರೆದರೆ ನಾವು ಹತ್ತು ನಿಮಿಷದಲ್ಲಿ ಅವರ ಬಳಿ ಇರುತ್ತೇವೆ. ಗೊತ್ತಿಲ್ಲದ ಊರಿನ ಲಾಡ್ಜಿನಲ್ಲಿ ಅವರೊಬ್ಬರನ್ನೇ ಇಡೀ ದಿನ ಬಿಟ್ಟುಹೋಗಲು ನಮ್ಮ ಮನಸ್ಸು ಒಪ್ಪಲಿಲ್ಲ. ಅಂದಮೇಲೆ ಉಳಿದ ಎರಡು ಕಾಲಂಗಳಿಗೆ ಅವರ ಟಿಕೆಟ್ ಸೇರಬೇಕು. ಅದನ್ನು 1,200 ಎಂದು ಹಿಡಿದರೆ ಲಾಡ್ಜಿನದು 8,060, ನಗರದ್ದು 10,500.

ರೂಮಿನ ದರವನ್ನಷ್ಟೇ ನೋಡಿದಾಗ ರೆಸಾರ್ಟಿಗೂ ಲಾಡ್ಜಿಗೂ ಎರಡು ರೂಮು ಸೇರಿ 8,400 ರೂಪಾಯಿಯ ಅಂತರವಿತ್ತು. ಎಲ್ಲವನ್ನೂ ಕೂಡಿಸಿ ಕಳೆದ ಮೇಲೆ ಅದು 6,220ಕ್ಕೆ ಇಳಿಯಿತು, ತಲೆಗೆ 1,244. ರೆಸಾರ್ಟ್ ಈಗಲೂ ದುಬಾರಿಯೇ. ಆದರೆ ಈಗ ಪ್ರಶ್ನೆ ನೇರವಾಗಿದೆ: ಹಿರಿಯರ ವಿಶ್ರಾಂತಿ, ಮಕ್ಕಳು ಸಂಜೆ ಬಟ್ಟೆ ಬದಲಿಸಲು ಕೈಗೆ ಹತ್ತಿರದ ರೂಮು, ಗಾಡಿಗಾಗಿ ರಸ್ತೆಬದಿ ಕಾಯದಿರುವ ನೆಮ್ಮದಿ, ಇವಕ್ಕೆ 6,220 ರೂಪಾಯಿ ಕೊಡಲು ನಾವು ತಯಾರಿದ್ದೇವೆಯೇ? ನಾವು ಕೊಟ್ಟೆವು. ಅತ್ತೆಯವರು ಜೊತೆಗೆ ಇಲ್ಲದಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಇಬ್ಬರು ಕಾಲೇಜು ಹುಡುಗರು ಹೋಗುವುದಾದರೆ ನಾಲ್ಕನೆಯ ಕಾಲಂ ಒಂದನ್ನು ಎಳೆದು, ರಾತ್ರಿ ಬಸ್ಸಿನಲ್ಲಿ ಹೋಗಿ ರಾತ್ರಿ ಬಸ್ಸಿನಲ್ಲೇ ಮರಳುವುದನ್ನೂ ಬರೆಯಬೇಕು; ಆ ಕಾಲಂನಲ್ಲಿ ರೂಮಿನ ಬಾಡಿಗೆ ಸೊನ್ನೆ, ಲಾಕರಿನ ಬಾಡಿಗೆ ಮಾತ್ರ.

ರೂಮಿಗೆ ಸಂಬಂಧಿಸದಿದ್ದರೂ ಇಲ್ಲಿಯೇ ಹೇಳಿಬಿಡುತ್ತೇನೆ: ನೀರಿನ ಆಟಗಳಿಗೆ ಹತ್ತಿಯ ಬಟ್ಟೆಯಲ್ಲಿ ಬಿಡುವುದಿಲ್ಲ, ನೈಲಾನಿನಂಥ ಬಟ್ಟೆಯೇ ಬೇಕು. ಐದು ಜನಕ್ಕೆ ಅಲ್ಲಿಯ ಅಂಗಡಿಯಲ್ಲಿ ಕೊಳ್ಳುವ ಬದಲು ಚೌಕಿಪೇಟೆಯಲ್ಲಿ ಕೊಂಡು ಹೋಗಿ.

ಪ್ಯಾಕೇಜು ಕಂಡಾಗ ಬಿಡಿಸಿ ನೋಡಿ

ರೂಮು, ಟಿಕೆಟ್, ಊಟ ಎಲ್ಲ ಒಂದೇ ಮೊತ್ತದಲ್ಲಿ ಕೊಡುವ ಪ್ಯಾಕೇಜುಗಳಿಗೆ ನಾನು ವಿರೋಧಿಯಲ್ಲ. ಆದರೆ ಪ್ಯಾಕೇಜಿನ ಮೊತ್ತದಿಂದ, ಅದರೊಳಗಿನ ಟಿಕೆಟ್ಟುಗಳನ್ನು ನಾವೇ ಅದೇ ದಿನಕ್ಕೆ ಆನ್‌ಲೈನಿನಲ್ಲಿ ಕೊಂಡರೆ ಬೀಳುವ ದರವನ್ನು ಮೊದಲು ಕಳೆಯಬೇಕು. ಗೇಟಿನ ದರವನ್ನು ಕಳೆದರೆ ಪ್ಯಾಕೇಜು ಅಗ್ಗವಾಗಿ ಕಾಣುವುದು ಸಹಜ. ಹಿರಿಯರಿಗೂ ವಿದ್ಯಾರ್ಥಿಗಳಿಗೂ ಉದ್ಯಾನಗಳು ಕೊಡುವ ರಿಯಾಯಿತಿ ಪ್ಯಾಕೇಜಿನಲ್ಲಿ ಅನ್ವಯವಾಗುತ್ತದೆಯೇ ಎಂಬುದನ್ನೂ ಕೇಳಬೇಕು. ನಾವು ತಿನ್ನದ ಊಟ, ಏರದ ಆಟ, ಇವಕ್ಕೆ ಬೆಲೆ ಕಟ್ಟದಿರುವುದು ನನ್ನ ನಿಯಮ.

ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಂಥ ಕಡೆ ಈ ಬಿಡಿಸುವ ಕೆಲಸ ಇನ್ನೂ ಮುಖ್ಯ. ಸಿತಾರಾ, ತಾರಾ ಹೋಟೆಲುಗಳು ಆವರಣದೊಳಗೇ ಇವೆ, ನಗರದ ಹೋಟೆಲುಗಳು ದೂರದಲ್ಲಿವೆ. ಅಷ್ಟು ದೊಡ್ಡ ಜಾಗವನ್ನು ಒಂದು ದಿನದಲ್ಲಿ ನೋಡಿ ಮುಗಿಸುವುದೋ ಎರಡು ದಿನವೋ ಎಂಬುದರ ಮೇಲೆ ಒಳಗಿನ ರೂಮಿನ ಬೆಲೆ ನಿಂತಿದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಉದ್ಯಾನಕ್ಕೆ ಅಂಟಿಕೊಂಡೇ ನೊವೊಟೆಲ್ ಹೋಟೆಲು ಇದೆ. ನಮ್ಮೂರ ಬದಿಯ ಹೆದ್ದಾರಿ 48ನ್ನೇ ಹಿಡಿದು ಪುಣೆಯತ್ತ ಹೋಗುವವರು ದೂರದ ಪ್ರಯಾಣದ ದಣಿವಿಗಾಗಿ ದಾರಿಯ ಒಂದು ರಾತ್ರಿಯ ಬಾಡಿಗೆಯನ್ನೂ ಹಾಳೆಯಲ್ಲಿ ಸೇರಿಸಿಕೊಳ್ಳಬೇಕು. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿನ ವಿಷಯ ಸುಲಭ: ಉದ್ಯಾನ ಊರಿಗೆ ಹತ್ತಿರವೇ ಇರುವುದರಿಂದ ಊರೊಳಗಿನ ಯಾವ ಹೋಟೆಲಾದರೂ ಆದೀತು, ಅರಮನೆ, ಮೃಗಾಲಯಗಳ ಸುತ್ತಾಟಕ್ಕೂ ಅದೇ ಅನುಕೂಲ. ಅಲ್ಲಿ ನಾನು ಉದ್ಯಾನದ ಹತ್ತಿರ ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡುವುದಿಲ್ಲ. ಆದರೆ ದಸರೆಯ ದಿನಗಳಲ್ಲಿ ಮೈಸೂರಿನ ದರವನ್ನು ಬೇರೆ ದಿನಗಳ ಜೊತೆ ಹೋಲಿಸಲು ಹೋಗಬೇಡಿ.

ಇಲ್ಲಿ ಓದಿ ಅಮೆರಿಕ ಸೇರಿದ ಮಕ್ಕಳು ಈಗ ಅಪ್ಪ ಅಮ್ಮನನ್ನು ಕರೆಸಿಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಕರೆದೊಯ್ಯುವುದು ಹೊಸದಲ್ಲವಾದ್ದರಿಂದ ಆ ಬಗ್ಗೆಯೂ ಎರಡು ಮಾತು. ಡಿಸ್ನಿ ತನ್ನ ಹೋಟೆಲುಗಳನ್ನು ವ್ಯಾಲ್ಯೂ, ಮಾಡರೇಟ್, ಡಿಲಕ್ಸ್ ಎಂದು ವಿಂಗಡಿಸಿದೆ, ಒಂದೇ ರೂಮಿನ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅಲ್ಲಿ ಉಳಿದವರಿಗೆ ಉದ್ಯಾನಕ್ಕೆ ಅರ್ಧ ಗಂಟೆ ಮೊದಲೇ ಪ್ರವೇಶ ಸಿಗುತ್ತದೆ; 2023ರಿಂದ ಕಾರು ನಿಲ್ಲಿಸಲು ಶುಲ್ಕವಿಲ್ಲ. ಹೊರಗಿನ ಎಷ್ಟೋ ಹೋಟೆಲುಗಳಲ್ಲಿ ಬಾಡಿಗೆ ಕಡಿಮೆ ಕಂಡರೂ ದಿನಕ್ಕಿಷ್ಟು "ರೆಸಾರ್ಟ್ ಫೀ", ಪಾರ್ಕಿಂಗ್ ಎಂದು ಸೇರುತ್ತಾ ಹೋಗುತ್ತದೆ. 2025ರ ಮೇ ತಿಂಗಳಿನಿಂದ ಅಲ್ಲಿಯ ನಿಯಮದಂತೆ ಇಂಥ ಕಡ್ಡಾಯ ಶುಲ್ಕಗಳನ್ನು ಮೊದಲಿನ ದರದಲ್ಲಿಯೇ ತೋರಿಸಬೇಕು, ಸರ್ಕಾರದ ತೆರಿಗೆ ಮಾತ್ರ ಆಮೇಲೆ ಬರಬಹುದು. ಪಕ್ಕದ ಯೂನಿವರ್ಸಲ್‌ನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಹೋಟೆಲುಗಳ ಬಾಡಿಗೆಯಲ್ಲಿ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಸೇರಿರುತ್ತದೆ. ಅದನ್ನು ಬೇರೆ ಕೊಂಡರೆ ಎಷ್ಟು ಎಂದು ಜನರ ಸಂಖ್ಯೆಯಿಂದ ಗುಣಿಸಿ ಕಳೆದ ಮೇಲೆಯೇ ಆ ಬಾಡಿಗೆ ದುಬಾರಿಯೋ ಅಲ್ಲವೋ ಗೊತ್ತಾಗುತ್ತದೆ.

ಕೊನೆಯ ಪುಟದ ಅಂಕಿ, ಫೋನಿನ ಅಂಕಿ

ಆ್ಯಪಿನಲ್ಲಿ ದರ ಬರೆದುಕೊಳ್ಳುವಾಗ ಮೊದಲ ಪುಟದ್ದನ್ನು ಬರೆಯಬೇಡಿ. ಹಣ ಕಟ್ಟುವ ಬಟನ್ನಿನ ಹಿಂದಿನ ಪುಟದವರೆಗೆ ಹೋಗಿ, ಅಲ್ಲಿ ಕಾಣುವ ಮೊತ್ತವನ್ನೇ ಬರೆಯಿರಿ. ಹೆಜ್ಜೆಹೆಜ್ಜೆಗೆ ಶುಲ್ಕ ಸೇರಿಸುತ್ತ ಹೋಗುವುದು, ನಾವು ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಹಾಕಿಬಿಡುವುದು, "ಒಂದೇ ರೂಮು ಉಳಿದಿದೆ" ಎಂದು ಸುಳ್ಳು ಅವಸರ ಹುಟ್ಟಿಸುವುದು, ಇವೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಅನುಚಿತ ವಿನ್ಯಾಸಗಳಲ್ಲಿ ಸೇರಿವೆ. ಟಿಕ್ ಹಾಕಿದ ಚೌಕಗಳನ್ನು ಒಂದೊಂದಾಗಿ ತೆಗೆದು, ಮೊತ್ತ ಇಳಿಯುತ್ತದೆಯೇ ನೋಡಿ.

ಆಮೇಲೆ ರೆಸಾರ್ಟಿಗೇ ನೇರವಾಗಿ ಫೋನು ಮಾಡಿ. ಸಂಕೋಚ ಬೇಡ. ನಾನು ಕೇಳುವುದು ಹೀಗೆ: "ಸರ್, ನಾವು ದಾವಣಗೆರೆಯಿಂದ ಬರ್ತೀವಿ. ಐದು ಜನ, ಎರಡು ರೂಮು, ಬುಧವಾರ ಒಂದು ರಾತ್ರಿ. ತಿಂಡಿ, ಟ್ಯಾಕ್ಸು ಎಲ್ಲ ಸೇರಿ ಒಟ್ಟು ಎಷ್ಟಾಗುತ್ತೆ?" ಆ ಕಡೆಯಿಂದ ಸಾಮಾನ್ಯವಾಗಿ ಬರುವ ಉತ್ತರ, "ಮೇಡಂ, ಏಳು ಸಾವಿರದಿಂದ ಸ್ಟಾರ್ಟ್ ಆಗುತ್ತೆ, ಟ್ಯಾಕ್ಸ್ ಎಕ್ಸ್‌ಟ್ರಾ." ಅಲ್ಲಿಗೆ ಬಿಡಬಾರದು. "ಸ್ಟಾರ್ಟ್ ಬೇಡ ಸರ್, ನಮ್ಮ ಐದು ಜನಕ್ಕೆ ಕೊನೆಗೆ ಕೈಯಿಂದ ಎಷ್ಟು ಹೋಗುತ್ತೆ, ಅದನ್ನು ವಾಟ್ಸ್‌ಆ್ಯಪ್ ಮಾಡಿಬಿಡಿ" ಎನ್ನಬೇಕು. ಬರೆದು ಕಳಿಸಿದ ಮೊತ್ತಕ್ಕೆ ತೂಕವಿದೆ. ಆ್ಯಪಿನ ಮೊತ್ತವನ್ನು ಹೇಳಿದರೆ ಅಷ್ಟಕ್ಕೇ ಕೊಟ್ಟು, ಮೇಲೆ ಬೇಗ ರೂಮು ಕೊಡುವುದನ್ನೋ ಮಗುವಿನ ತಿಂಡಿಯನ್ನೋ ಸೇರಿಸಿದವರನ್ನು ನಾನು ಕಂಡಿದ್ದೇನೆ.

ರದ್ದತಿಯ ನಿಯಮವನ್ನು ದರದಷ್ಟೇ ಗಂಭೀರವಾಗಿ ನೋಡಿ. ಹಣ ಮರಳದ ಬುಕಿಂಗ್ 6,800, ಹಿಂದಿನ ದಿನದವರೆಗೂ ರದ್ದು ಮಾಡಬಹುದಾದದ್ದು 7,300 ಎಂದಾದರೆ, ಎರಡು ರೂಮಿಗೆ 1,000 ರೂಪಾಯಿ ಹೆಚ್ಚು, ತೆರಿಗೆ ಸೇರಿ 1,050. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೊರಡುವ ಹಿಂದಿನ ದಿನ ಜ್ವರ ಬರುವುದು ಅಪರೂಪವಲ್ಲ. ಆಗ ಕಳೆದುಕೊಳ್ಳುವುದು 14,280. ಒಂದು ತಿಂಗಳು ಮುಂಚೆ ಬುಕ್ ಮಾಡುವಾಗ ನಾನು 1,050 ಹೆಚ್ಚು ಕೊಡುತ್ತೇನೆ, ಎರಡು ದಿನ ಮುಂಚೆಯಾದರೆ ಕೊಡುವುದಿಲ್ಲ.

ಇನ್ನು ಉಳಿದದ್ದು ಹೊರಡುವ ಬೆಳಿಗ್ಗೆಯ ಬಿಲ್ಲು. ಕಾರ್ಡು ತೆಗೆಯುವ ಮೊದಲು ಅದನ್ನು ಕೈಗೆ ತೆಗೆದುಕೊಂಡು ಸಾಲುಸಾಲಾಗಿ ಓದಿ. ರೂಮಿನ ಬಾಡಿಗೆಯ ಎದುರು ತೆರಿಗೆ ಶೇ 5 ಇದೆಯೋ 18 ಇದೆಯೋ, ತಿಂಡಿಯನ್ನು ಮತ್ತೆ ಬೇರೆ ಸಾಲಿನಲ್ಲಿ ಬರೆದಿದ್ದಾರೆಯೋ ನೋಡಿ. "ಸರ್ವಿಸ್ ಚಾರ್ಜ್" ಎಂಬ ಸಾಲು ತಾನಾಗಿ ಸೇರಿದ್ದರೆ ತೆಗೆಯಲು ಹೇಳಿ. ಅದನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂದು 2022ರ ಜುಲೈಯಲ್ಲಿ ಅದೇ ಪ್ರಾಧಿಕಾರ ಹೇಳಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮನೆಗೆ ಬಂದ ಮೇಲೆ ಬಿಲ್ಲಿನ ಅಂಕಿಗಳನ್ನು ಹಾಳೆಯ ಅಂದಾಜಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ನಮ್ಮ ಹಾಳೆಯಲ್ಲಿ ಅಂದಾಜಿಗೂ ಬಿಲ್ಲಿಗೂ 340 ರೂಪಾಯಿಯ ವ್ಯತ್ಯಾಸ ಬಂತು. ಅತ್ತೆಯವರು ಮಧ್ಯಾಹ್ನ ರೂಮಿಗೆ ತರಿಸಿಕೊಂಡ ಮೊಸರನ್ನ ಮತ್ತು ಕಾಫಿಯದು ಅದು. ಮುಂದಿನ ಸಲದ ಹಾಳೆಗೆ ಅದನ್ನು ಮೊದಲೇ ಸೇರಿಸಿಟ್ಟಿದ್ದೇನೆ.